ಎಸೆಯುವವನು ಸಿಕ್ಕಿದ, ಹಿಡಿಯುವವರು ಎಲ್ಲಿ?

ಸಂಪಾದಕರಿಗೆ ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್ ಲೀಗ್‌ನ ಫೈನಲ್ ಪಂದ್ಯವಾದ ಸೂಪರ್ ಬೌಲ್ ಬಗ್ಗೆ ಮೊನ್ನೆ ನಿಮ್ಮ ಕ್ರೀಡಾ ಪುಟದಲ್ಲಿ ಒಂದು ಪುಟ್ಟ ವರದಿ ಬಂದಿತ್ತು. 2025ರ ಫೆಬ್ರುವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಕಾನ್ಸಾಸ್ ಸಿಟಿ ಚೀಫ್ಸ್ ತಂಡವನ್ನು 40–22ರಿಂದ ಸೋಲಿಸಿದ ಸುದ್ದಿ. ಕನ್ನಡ ಪತ್ರಿಕೆಯಲ್ಲಿ ಅಮೆರಿಕನ್ ಫುಟ್‌ಬಾಲ್‌ಗೆ ಅಷ್ಟು ಜಾಗ ಸಿಕ್ಕಿತಲ್ಲ ಅಂತ ಖುಷಿಯಿಂದಲೇ ಓದಿದೆ. ಆದರೆ ಕೊನೆಯಲ್ಲಿ ಒಂದು ಮಾತಿತ್ತು: ಚೆಂಡು ಎಸೆಯುತ್ತಿದ್ದ ಟಾಮ್ ಬ್ರೇಡಿ ಬಿಟ್ಟು ಹೋದ ಮೇಲೆ ನಮ್ಮ ಬಾಸ್ಟನ್ ಕಡೆಯ ತಂಡ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ನೆಲ ಕಚ್ಚಿತು ಅಂತ. ಸುಳ್ಳಲ್ಲ. ಆದರೆ ಅದು ಅರ್ಧ ಕಥೆ. ಉಳಿದರ್ಧ ಹೇಳದಿದ್ದರೆ ನನಗೆ ಊಟ ಸೇರಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕುವುದು ನಿಮಗೆ ಬಿಟ್ಟಿದ್ದು.

ನಾನು ಹಾಸನದವನು. 2007ರಲ್ಲಿ ಕೆಲಸಕ್ಕೆ ಅಂತ ಬಾಸ್ಟನ್ ಪಕ್ಕಕ್ಕೆ ಬಂದೆ. ಈ ಆಟ ಏನು ಅಂತಲೇ ಗೊತ್ತಿರಲಿಲ್ಲ. ಆ ವರ್ಷ ಪೇಟ್ರಿಯಟ್ಸ್‌ನಲ್ಲಿ ರ‍್ಯಾಂಡಿ ಮಾಸ್ ಅಂತ ಒಬ್ಬ ವೈಡ್ ರಿಸೀವರ್, ಅಂದರೆ ಎಸೆದ ಚೆಂಡು ಹಿಡಿಯುವವನು, ಇದ್ದ. ಒಂದೇ ಸೀಸನ್‌ನಲ್ಲಿ 23 ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆಯಾಚೆ ಚೆಂಡು ಸೇರಿಸಿ ಅಂಕ ಗಳಿಸುವುದು) ಹಿಡಿದ, ಆ ದಾಖಲೆ ಇನ್ನೂ ಯಾರೂ ಮುರಿದಿಲ್ಲ. ಪಕ್ಕದಲ್ಲಿ ವೆಸ್ ವೆಲ್ಕರ್, ಅವನು 112 ಕ್ಯಾಚ್. ಲೀಗ್ ಹಂತದ 16 ಪಂದ್ಯಗಳಲ್ಲಿ 16ನ್ನೂ ಗೆದ್ದರು. ಮೊದಲ ಊಟಕ್ಕೇ ಎಲೆ ತುಂಬ ಹೋಳಿಗೆ ಬಡಿಸಿದ ಹಾಗಾಯಿತು ನನಗೆ. ರಿಸೀವರ್ ಅಂದರೆ ಹೀಗೇ ಇರ್ತಾರೆ ಅಂದುಕೊಂಡುಬಿಟ್ಟೆ. ಈಗ ಎಷ್ಟು ವರ್ಷದಿಂದ ಒಣ ರೊಟ್ಟಿ ತಿನ್ನುತ್ತಿದ್ದೇವೆ ಅಂತ ಲೆಕ್ಕ ಹಾಕಿದರೆ, 2024ರ ಸೀಸನ್ ಮುಗಿಯುವವರೆಗೆ, ಹಿಡಿದ ಚೆಂಡುಗಳಿಂದ ಒಂದು ಸೀಸನ್‌ನಲ್ಲಿ 1000 ಯಾರ್ಡ್ ದಾಟಿದ ನಮ್ಮ ಕೊನೆಯ ರಿಸೀವರ್ ಜೂಲಿಯನ್ ಎಡೆಲ್‌ಮನ್, ಅದೂ 2019ರಲ್ಲಿ.

ಆಟ ನೋಡದವರಿಗೆ ಎರಡು ಮಾತು. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನ ಕೈಗೆ ಚೆಂಡು ಬಂದ ಮೇಲೆ ಎದುರಾಳಿಗಳು ಮೈಮೇಲೆ ಬೀಳುವಷ್ಟರಲ್ಲಿ ಎರಡೂವರೆ, ಮೂರು ಸೆಕೆಂಡ್ ಸಿಕ್ಕರೆ ಜಾಸ್ತಿ. ಅಷ್ಟರೊಳಗೆ ರಿಸೀವರ್ ತನ್ನನ್ನು ಕಾಯುತ್ತಿರುವವನಿಂದ ತಪ್ಪಿಸಿಕೊಂಡು ಒಂದು ಹೆಜ್ಜೆಯಾದರೂ ಆಚೆ ಬಂದಿರಬೇಕು. ನಮ್ಮ ಕಬಡ್ಡಿ ರೈಡರ್ ಎಡಕ್ಕೆ ಹೋಗ್ತೀನಿ ಅಂತ ಭುಜ ಅಲ್ಲಾಡಿಸಿ ಬಲಕ್ಕೆ ಕಾಲು ಹಾಕುತ್ತಾನಲ್ಲ, ಥೇಟ್ ಅದೇ ವಿದ್ಯೆ. ಕ್ಯಾಚ್ ಹಿಡಿಯುವುದು ಆಮೇಲಿನ ಮಾತು. ಮೊದಲು ಬಿಡಿಸಿಕೊಂಡು ಬರಬೇಕು. ನಮ್ಮವರಿಗೆ ಬರದೇ ಇರುವುದು ಅದೇ.

ಆ ವರದಿ ಓದುವಾಗ ನನ್ನ ಹೊಟ್ಟೆ ಉರಿದದ್ದಕ್ಕೆ ಇನ್ನೊಂದು ಕಾರಣ ಇದೆ. ಈ ಸೂಪರ್ ಬೌಲ್‌ನಲ್ಲಿ ಈಗಲ್ಸ್ ಪರ ಒಂದು ಟಚ್‌ಡೌನ್ ಹಿಡಿದವನು ಎ.ಜೆ. ಬ್ರೌನ್. 2019ರ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ದಿನ, ಮೊದಲ ಸುತ್ತಿನ ಕೊನೆಯ ಸರದಿ, 32ನೆಯದು, ನಮ್ಮದಾಗಿತ್ತು. ಬ್ರೌನ್ ಇನ್ನೂ ಖಾಲಿ ಇದ್ದ. ಹುಡುಗ ಚಿಕ್ಕಂದಿನಿಂದ ಪೇಟ್ರಿಯಟ್ಸ್ ಅಭಿಮಾನಿ ಬೇರೆ! ನಾವು ಅವನನ್ನು ಬಿಟ್ಟು ಎನ್‌ಕೀಲ್ ಹ್ಯಾರಿಯನ್ನು ತಗೊಂಡೆವು. ಎತ್ತರದ ಆಳು, ಗಟ್ಟಿ ಮೈ, ಕಾಲೇಜಿನಲ್ಲಿ ಜನರ ತಲೆ ಮೇಲಿಂದ ಚೆಂಡು ಕಿತ್ತುಕೊಳ್ಳುತ್ತಿದ್ದ. ಇಲ್ಲಿ ಕಾಯುವವರೂ ಅಷ್ಟೇ ಗಟ್ಟಿ ಇರ್ತಾರೆ ಅನ್ನುವುದು ಯಾರಿಗೂ ಹೊಳೆಯಲಿಲ್ಲವೋ ಏನೋ. ಮೂರು ಸೀಸನ್, 57 ಕ್ಯಾಚ್, ನಾಲ್ಕು ಟಚ್‌ಡೌನ್. ಕೊನೆಗೆ ಏಳನೇ ಸುತ್ತಿನ ಒಂದು ಸರದಿಗೆ ಶಿಕಾಗೊಗೆ ಕೊಟ್ಟು ಕೈ ತೊಳೆದುಕೊಂಡರು. ಏಳನೇ ಸುತ್ತು ಅಂದರೆ ಕೊನೇ ಸುತ್ತು, ಸಂತೆ ಮುಗಿದ ಮೇಲೆ ಉಳಿದ ಸೊಪ್ಪಿನ ಬೆಲೆ. ಅವನ ನಂತರ ಹೋದವರ ಪಟ್ಟಿ ನೋಡಿ: ಡೀಬೊ ಸ್ಯಾಮ್ಯುಯೆಲ್ 36ನೆಯವನು, ಬ್ರೌನ್ 51, ಡಿ.ಕೆ. ಮೆಟ್‌ಕಾಫ್ 64, ಟೆರಿ ಮೆಕ್‌ಲಾರಿನ್ 76. ಇವರಲ್ಲಿ ಯಾರನ್ನಾದರೂ ಕಣ್ಣು ಮುಚ್ಚಿಕೊಂಡು ಬೆರಳಿಟ್ಟು ಆರಿಸಿದ್ದರೂ ಸಾಕಿತ್ತು.

ಸರಿ, ಒಂದು ಸಲ ತಪ್ಪಾಯಿತು ಅನ್ನೋಣ. 2022ರಲ್ಲಿ ಎರಡನೇ ಸುತ್ತಿನಲ್ಲಿ, 50ನೇ ಸರದಿಗೆ, ಟೈಕ್ವಾನ್ ಥಾರ್ನ್‌ಟನ್. ಎತ್ತರ ಕೈ ಕೊಟ್ಟಿತು ಅಂತ ಈ ಸಲ ಓಟ ನೋಡಿದರು. 40 ಯಾರ್ಡನ್ನು 4.28 ಸೆಕೆಂಡಿನಲ್ಲಿ ಓಡಿದ್ದ ಪುಣ್ಯಾತ್ಮ. ಗಡಿಯಾರ ಹಿಡಿದುಕೊಂಡು ಖಾಲಿ ಮೈದಾನದಲ್ಲಿ ಓಡುವುದು ಬೇರೆ, ಎದೆ ಮೇಲೆ ಕೈಯಿಟ್ಟು ತಳ್ಳುವವನನ್ನು ದಾಟಿ ಓಡುವುದು ಬೇರೆ, ಅಲ್ವಾ? ಎರಡು ಸರದಿ ಆದ ಮೇಲೆ ಪಿಟ್ಸ್‌ಬರ್ಗ್‌ನವರು ಜಾರ್ಜ್ ಪಿಕೆನ್ಸ್‌ನನ್ನು ತಗೊಂಡರು. ಥಾರ್ನ್‌ಟನ್‌ನನ್ನು 2024ರ ನವೆಂಬರ್‌ನಲ್ಲಿ ನಮ್ಮವರೇ ಕೈಬಿಟ್ಟರು.

2023ರದು ಇನ್ನೂ ಬೇಜಾರು. ಜಕೋಬಿ ಮೇಯರ್ಸ್ ಅಂತ ಒಬ್ಬನಿದ್ದ. ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿ ಸುಮ್ನೆ ಬಂದು ಸೇರಿಕೊಂಡವನು, ಆದರೆ ನಂಬಿಕಸ್ಥ. ಬೇಕಾದಾಗ ಬೇಕಾದ ಜಾಗದಲ್ಲಿ ನಿಂತಿರುತ್ತಿದ್ದ. ಅವನು ಮೂರು ವರ್ಷಕ್ಕೆ 3.3 ಕೋಟಿ ಡಾಲರ್‌ಗೆ ರೇಡರ್ಸ್ ತಂಡಕ್ಕೆ ಹೋದ. ನಮ್ಮವರು ಹೆಚ್ಚುಕಡಿಮೆ ಅದೇ ಮಟ್ಟದ ಹಣ ಹಾಕಿ ಜೂಜೂ ಸ್ಮಿತ್-ಶೂಸ್ಟರ್‌ನನ್ನು ಕರೆತಂದರು. ಜೂಜೂ ಇಲ್ಲಿ ಹಿಡಿದದ್ದು 29 ಕ್ಯಾಚ್, ಮರುವರ್ಷ ಮನೆಗೆ. ಮೇಯರ್ಸ್ ಅಲ್ಲಿ 2024ರ ಸೀಸನ್‌ನಲ್ಲಿ ಸಾವಿರ ಯಾರ್ಡ್ ದಾಟಿದ. ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾಹಲ್‌ನನ್ನು ಬಿಟ್ಟುಕೊಟ್ಟು, ಅವನು 2022ರಲ್ಲಿ ರಾಜಸ್ಥಾನಕ್ಕೆ 27 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಹಾಕಿಕೊಂಡು ನಿಂತಾಗ ನಮಗೆಲ್ಲ ಏನಾಯಿತೋ ಅದೇ. ಎರಡು ದೇಶದಲ್ಲಿ ಎರಡು ತಂಡ ಹಿಡಿದುಕೊಂಡು ಎರಡು ಕಡೆಯೂ ಒಂದೇ ನೋವು ತಿನ್ನುವುದು ನನ್ನ ಹಣೆಬರಹ.

ಇಷ್ಟಾದರೂ 2024ರಲ್ಲಿ ಆಸೆ ಇತ್ತು. 24 ವರ್ಷ ತಂಡ ನಡೆಸಿದ ಬಿಲ್ ಬೆಲಿಚಿಕ್ ಹೊರಟರು. ಡ್ರಾಫ್ಟ್‌ನಲ್ಲಿ ಮೂರನೇ ಸರದಿಗೆ ಡ್ರೇಕ್ ಮೇ ಅನ್ನುವ ಕ್ವಾರ್ಟರ್‌ಬ್ಯಾಕ್ ಸಿಕ್ಕಿದ. ಚಿನ್ನದಂಥ ಹುಡುಗ. ಅವನಿಗೆ ಜೊತೆಗಾರ ಬೇಕಲ್ಲ, ಎರಡನೇ ಸುತ್ತಿನಲ್ಲಿ 34ನೇ ಸರದಿ ನಮ್ಮದೇ. ನಮ್ಮವರು ಅದನ್ನು ಲಾಸ್ ಏಂಜಲೀಸ್ ಚಾರ್ಜರ್ಸ್‌ಗೆ ಕೊಟ್ಟು ಮೂರು ಮೆಟ್ಟಿಲು ಕೆಳಗಿಳಿದರು. ಚಾರ್ಜರ್ಸ್‌ನವರು ಆ 34ಕ್ಕೆ ಲ್ಯಾಡ್ ಮೆಕಾಂಕಿ ಅನ್ನುವ ರಿಸೀವರ್‌ನನ್ನು ತಗೊಂಡರು. ನಾವು 37ಕ್ಕೆ ಜಲಿನ್ ಪೋಕ್‌ನನ್ನು ತಗೊಂಡೆವು. ಮೆಕಾಂಕಿ 1149 ಯಾರ್ಡ್. ಪೋಕ್ 87. ತೊಂಬತ್ತಕ್ಕೆ ಮೂರು ಕಡಿಮೆ, ಇಡೀ ಸೀಸನ್‌ಗೆ! 2025ರ ಜನವರಿಯಲ್ಲಿ ಹ್ಯೂಸ್ಟನ್ ವಿರುದ್ಧ ಒಂದೇ ಪ್ಲೇಆಫ್ ಪಂದ್ಯದಲ್ಲಿ ಮೆಕಾಂಕಿ 197 ಯಾರ್ಡ್ ಹೊಡೆದ. ಆ ಪಂದ್ಯ ನೋಡಬಾರದಿತ್ತು, ನೋಡಿದೆ.

ಪೋಕ್ ಮೇಲೆ ನನಗೆ ಸಿಟ್ಟಿಲ್ಲ, ನಿಜ ಹೇಳಬೇಕೆಂದರೆ ಪಾಪ ಅನಿಸುತ್ತೆ. 2024ರ ಅಕ್ಟೋಬರ್ 6ರಂದು ಮಯಾಮಿ ವಿರುದ್ಧದ ಪಂದ್ಯಕ್ಕೆ ಮಗಳನ್ನು ಕರೆದುಕೊಂಡು ಫಾಕ್ಸ್‌ಬರೊದ ಜಿಲೆಟ್ ಸ್ಟೇಡಿಯಂಗೆ ಹೋಗಿದ್ದೆ. ಟಿಕೆಟ್, ಪಾರ್ಕಿಂಗ್, ಅವಳಿಗೊಂದು ಪ್ರೆಟ್ಜೆಲ್, ಎಲ್ಲ ಸೇರಿ ಊರಿಗೆ ಕಳಿಸುವ ತಿಂಗಳ ದುಡ್ಡು ಖರ್ಚು. ಕೊನೆಯ ನಿಮಿಷ, ನಾವು ಐದು ಪಾಯಿಂಟ್ ಹಿಂದೆ. ಚೆಂಡು ಎಂಡ್ ಝೋನ್‌ನ, ಅಂದರೆ ಟಚ್‌ಡೌನ್ ಆಗುವ ಪಟ್ಟಿಯ, ಅಂಚಿಗೆ ಹಾರಿತು, ಪೋಕ್ ನೆಗೆದ, ಹಿಡಿದ. ನಾವು ಎದ್ದು ಕುಣಿದೆವು, ಪಕ್ಕದ ಗುರುತಿಲ್ಲದ ಅಜ್ಜ ನನ್ನನ್ನು ತಬ್ಬಿಕೊಂಡ. ಆಮೇಲೆ ದೊಡ್ಡ ಪರದೆ ಮೇಲೆ ನಿಧಾನವಾಗಿ ತೋರಿಸಿದರು. ಕಾಲಿನ ಬೆರಳು ಒಳಗೆ. ಹಿಮ್ಮಡಿ ಮಾತ್ರ ಇಳಿಯುವಾಗ ಹೊರಗೆ ತಾಗಿತು. ಒಂದು ತುಣುಕು ಬಿಳಿ ಬಣ್ಣ, ಅಷ್ಟೇ. ಕಾಲೇಜು ಆಟದಲ್ಲಿ ಒಂದು ಕಾಲು ಒಳಗಿದ್ದರೂ ಸಾಕು. ಇಲ್ಲಿ ಎರಡೂ ಕಾಲು ಬೇಕು, ಹಿಮ್ಮಡಿ ಊರಿದರೆ ಅದೂ ಒಳಗೇ ಇರಬೇಕು. ಪಂದ್ಯ 15–10, ಸತತ ನಾಲ್ಕನೇ ಸೋಲು. ಹೊರಗೆ ರೂಟ್ 1ರಲ್ಲಿ ವಾಹನಗಳ ಸಾಲು ಒಂದಿಂಚು ಕದಲುತ್ತಿರಲಿಲ್ಲ. ಮಗಳು ಹಿಂದಿನ ಸೀಟಿನಲ್ಲಿ ತನ್ನ ಶೂ ಬಿಚ್ಚಿ, ಬೆರಳೂರಿ, ಹಿಮ್ಮಡಿ ಊರಿ, ಮತ್ತೆ ಬೆರಳೂರಿ ನೋಡುತ್ತಿದ್ದಳು. "ಅಪ್ಪಾ, ಹಿಮ್ಮಡಿ ಎತ್ತಿ ನಿಲ್ಲೋದು ಅಷ್ಟು ಕಷ್ಟನಾ?" ಅಂದಳು. ಏನಂತ ಹೇಳಲಿ.

ಮುಂದಿನ ಭಾನುವಾರದಿಂದ ಮೇ ಪಂದ್ಯದ ಶುರುವಿನಿಂದಲೇ ಆಡಲು ಇಳಿದ. ಆಶ್‌ಲ್ಯಾಂಡ್‌ನ ಲಕ್ಷ್ಮೀ ದೇವಸ್ಥಾನಕ್ಕೆ ಭಾನುವಾರ ಬೆಳಿಗ್ಗೆ ಹೋಗಿ, ಒಂದು ಗಂಟೆಯ ಪಂದ್ಯ ಶುರುವಾಗುವುದರೊಳಗೆ ಮನೆ ಸೇರುವುದು ನಮ್ಮಂಥ ಕೆಲವರ ರೂಢಿ. ಅಲ್ಲಿ ಊಟಕ್ಕೆ ಕೂತಾಗ ಹಿರಿಯರೊಬ್ಬರು, "ಏನ್ ಸಾರ್, ನಿಮ್ಮ ಹುಡುಗ ಬರೀ ಚೆಂಡು ಹಿಡ್ಕೊಂಡು ಓಡ್ತಾನೆ, ಎಸೆಯೋದೇ ಇಲ್ವಲ್ಲ" ಅಂದರು. "ಯಾರಿಗೆ ಎಸೀಬೇಕು ಸಾರ್, ನೀವೇ ಹೇಳಿ" ಅಂದೆ. ಪುಳಿಯೋಗರೆ ಕಲಸುತ್ತಿದ್ದ ಕೈ ನಿಂತಿತು. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹೆನ್ರಿ ಇದಾನಲ್ಲ" ಅಂದರು. ಹಂಟರ್ ಹೆನ್ರಿ ರಿಸೀವರ್ರೇ ಅಲ್ಲ! ಅವನು ಟೈಟ್ ಎಂಡ್, ತಡೆಯುವ ಕೆಲಸವನ್ನೂ ಮಾಡುವ ದಪ್ಪ ಆಸಾಮಿ. ಆದರೂ ತಂಡದಲ್ಲಿ ಎಲ್ಲರಿಗಿಂತ ಜಾಸ್ತಿ ಯಾರ್ಡ್ ಅವನದೇ, 674. ರಿಸೀವರ್‌ಗಳಲ್ಲಿ ಮುಂದಿದ್ದವನು ಡಿಮಾರಿಯೊ ಡಗ್ಲಸ್, 621. ಆರನೇ ಸುತ್ತಿನಲ್ಲಿ ಸಿಕ್ಕ ಪುಟಾಣಿ ಆಟಗಾರ. ಅವನು, ಅದೇ ಸುತ್ತಿನ ಕೇಶಾನ್ ಬೂಟಿ, ಇಬ್ಬರೂ ತಮ್ಮ ಶಕ್ತಿ ಮೀರಿ ಆಡಿದರು, ಅವರನ್ನು ಬೈದರೆ ಬಾಯಿಗೆ ಹುಳ ಬೀಳುತ್ತೆ. ಆದರೆ ಮೂರನೇ, ನಾಲ್ಕನೇ ರಿಸೀವರ್ ಆಗಬೇಕಾದವರನ್ನು ಮೊದಲನೆಯವರನ್ನಾಗಿ ನಿಲ್ಲಿಸಿದ್ದು ಯಾರ ತಪ್ಪು?

ಇದು ಬ್ರೇಡಿ ಹೋದ ಮೇಲೆ ಶುರುವಾದ ಕಾಯಿಲೆ ಅಲ್ಲ, ನನ್ನ ತಕರಾರು ಇರುವುದೇ ಇಲ್ಲಿ. 2006ರಲ್ಲೇ ನಮ್ಮವರು ಗ್ರೀನ್ ಬೇ ತಂಡಕ್ಕೆ 52 ಮತ್ತು 75ನೇ ಸರದಿ ಕೊಟ್ಟು, 36ಕ್ಕೆ ಮೇಲೆ ಹತ್ತಿ ಚಾಡ್ ಜಾಕ್ಸನ್‌ನನ್ನು ತಂದರು. ಅವನು ಏನೂ ಆಗಲಿಲ್ಲ. ಗ್ರೀನ್ ಬೇಯವರು ಅದೇ 52ಕ್ಕೆ ಗ್ರೆಗ್ ಜೆನಿಂಗ್ಸ್‌ನನ್ನು ತಗೊಂಡು ವರ್ಷಗಟ್ಟಲೆ ಹಬ್ಬ ಮಾಡಿದರು. ಮೇಲೆ ಹತ್ತಿದರೂ ತಪ್ಪಿದವನು, ಕೆಳಗಿಳಿದರೂ ತಪ್ಪಿದವನು. ನಮಗೆ ಕೈ ಹಿಡಿದವರೆಲ್ಲ ಬೇರೆ ದಾರಿಯಿಂದ ಬಂದವರು. ಮಾಸ್‌ನನ್ನು ನಾಲ್ಕನೇ ಸುತ್ತಿನ ಒಂದು ಸರದಿ ಕೊಟ್ಟು ತಂದದ್ದು. ವೆಲ್ಕರ್‌ನನ್ನು ಮಯಾಮಿಯಿಂದ ತಂದದ್ದು. ಎಡೆಲ್‌ಮನ್ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವನು, ಏಳನೇ ಸುತ್ತಿನಲ್ಲಿ 232ನೆಯವನು. ಡಿಯಾನ್ ಬ್ರಾಂಚ್ ಒಬ್ಬನನ್ನು ಬಿಟ್ಟರೆ ಮೇಲಿನ ಸುತ್ತುಗಳಲ್ಲಿ ನಾವು ಆರಿಸಿದ ರಿಸೀವರ್ ನೆಟ್ಟಗೆ ನಿಂತ ಉದಾಹರಣೆ ನನಗೆ ಹೊಳೆಯುತ್ತಿಲ್ಲ. ಬ್ರೇಡಿ ಇದ್ದಾಗ ಇದು ಕಾಣಲಿಲ್ಲ. ಅರ್ಧ ಹೆಜ್ಜೆ ಜಾಗ ಸಿಕ್ಕರೂ ಅಲ್ಲಿಗೆ ಚೆಂಡು ಇಡುತ್ತಿದ್ದ, ಆರು ಕಪ್ ಬಂತು, ಯಾರೂ ಕೇಳಲಿಲ್ಲ. ಅವನು ಹೋದ ಮೇಲೆ ಬಂದ ಮ್ಯಾಕ್ ಜೋನ್ಸ್ ಮೊದಲ ವರ್ಷ ತಂಡವನ್ನು ಪ್ಲೇಆಫ್‌ಗೆ ಒಯ್ದ ಹುಡುಗ, ಮೂರನೇ ವರ್ಷ ನೋಡಲಾಗುತ್ತಿರಲಿಲ್ಲ. ತಪ್ಪು ಅವನದೂ ಇತ್ತು, ಇಲ್ಲ ಅನ್ನಲ್ಲ. ಎದುರಾಳಿಯನ್ನು ತಡೆಯುವ ಸಾಲು ಕೂಡ ಸರಿ ಇರಲಿಲ್ಲ, 2024ರಲ್ಲೂ ಇರಲಿಲ್ಲ. ಆದರೆ ಖಾಲಿ ನಿಂತವನೇ ಇಲ್ಲದಿದ್ದರೆ ಎಸೆಯುವವನು ಚೆಂಡು ಹಿಡಿದುಕೊಂಡು ನಿಲ್ಲುತ್ತಾನೆ, ನಿಂತರೆ ಬೀಳುತ್ತಾನೆ, ಎರಡು ಸಲ ಬಿದ್ದವನು ಮೂರನೇ ಸಲ ಬೀಳುವ ಮೊದಲೇ ಕಣ್ಣು ಕೆಳಗೆ ಹಾಕುತ್ತಾನೆ. ಜೋನ್ಸ್‌ಗೆ ಹಾಗೇ ಆಯಿತು. ಮೇಗೆ ಆಗಬಾರದು.

2025ರ ಜನವರಿಯಲ್ಲಿ ಹೊಸ ಕೋಚ್ ಬಂದರು, ಮೈಕ್ ವ್ರೇಬಲ್. ಆಡುವ ಕಾಲದಲ್ಲಿ ಇದೇ ತಂಡದ ಲೈನ್‌ಬ್ಯಾಕರ್, ಅಂದರೆ ಹೊಡೆದು ಬೀಳಿಸುವ ಕೆಲಸದವರು. ಆದರೂ ಆಗೀಗ ಕಳ್ಳತನದಲ್ಲಿ ಕ್ಯಾಚ್‌ಗೆ ನಿಲ್ಲಿಸುತ್ತಿದ್ದರು, ಎರಡು ಸೂಪರ್ ಬೌಲ್‌ನಲ್ಲಿ ಒಂದೊಂದು ಟಚ್‌ಡೌನ್ ಹಿಡಿದಿದ್ದಾರೆ. ಈ ವಯಸ್ಸಿನಲ್ಲಿ ಅವರನ್ನೇ ಇಳಿಸಿದರೆ ಹೇಗೆ ಅಂತ ಒಂದೆರಡು ಸಲ ನಾನು ಯೋಚಿಸಿದ್ದುಂಟು. ತಮಾಷೆ ಇರಲಿ, 2019ರಲ್ಲಿ ನಾವು ಬಿಟ್ಟ ಬ್ರೌನ್‌ನನ್ನು 51ಕ್ಕೆ ಎತ್ತಿಕೊಂಡ ಟೆನೆಸ್ಸಿ ತಂಡದ ಕೋಚ್ ಆಗ ಇವರೇ. ಅಷ್ಟರ ಮಟ್ಟಿಗೆ ನಂಬಿಕೆ. ಇನ್ನೊಂದು ಕಡೆ, 2024ರ ಡ್ರಾಫ್ಟ್ ನಡೆಸಿದ ಎಲಿಯಟ್ ವುಲ್ಫ್ 2025ರಲ್ಲೂ ಅದೇ ಕಚೇರಿಯಲ್ಲಿ ಕೂತಿದ್ದರು. ಅಷ್ಟರ ಮಟ್ಟಿಗೆ ಭಯ.

2025ರ ಶುರುವಿನಲ್ಲಿ ಖರ್ಚಿಗೆ ಲೀಗ್‌ನಲ್ಲೇ ಎಲ್ಲರಿಗಿಂತ ಜಾಸ್ತಿ ಹಣ ನಮ್ಮ ಹತ್ತಿರ ಇತ್ತು, ಆ ವರ್ಷದ ಡ್ರಾಫ್ಟ್‌ನಲ್ಲಿ ನಾಲ್ಕನೇ ಸರದಿಯೂ ಇತ್ತು. (ಮೊದಲನೆಯದೇ ಇರಬೇಕಿತ್ತು. ಕೊನೆಯ ಪಂದ್ಯದಲ್ಲಿ ಯಾಕೋ ಬಫಲೊವನ್ನು ಸೋಲಿಸಿ ಅದನ್ನೂ ಕಳೆದುಕೊಂಡರು. ಸೋಲಬೇಕಾದಾಗ ಸೋಲುವುದೂ ಬರಲ್ಲ.) ಸಿನ್ಸಿನಾಟಿಯ ರಿಸೀವರ್ ಟೀ ಹಿಗ್ಗಿನ್ಸ್‌ನ ಗುತ್ತಿಗೆ 2025ರ ಮಾರ್ಚ್‌ಗೆ ಮುಗಿಯುವುದಿತ್ತು. ಅವನನ್ನು ಅವರು ಬಿಡದಿದ್ದರೆ ಇನ್ನೊಬ್ಬ ಹಳಬ ಬರಲಿ, ವಯಸ್ಸಾಗಿದ್ದರೂ ಪರವಾಗಿಲ್ಲ, ಕಾಲು ತಪ್ಪಿಸಿ ಬಿಡಿಸಿಕೊಳ್ಳಲು ಬಂದರೆ ಸಾಕು ಅಂತ ನನ್ನ ಆಸೆ ಇತ್ತು. 2024ರಲ್ಲಿ ರಿಸೀವರ್ ಕ್ಯಾಲ್ವಿನ್ ರಿಡ್ಲಿ ನಮ್ಮಲ್ಲಿಗೆ ಬರದೆ ಟೆನೆಸ್ಸಿಗೆ ಹೋದ, ಇನ್ನೊಬ್ಬ ರಿಸೀವರ್ ಬ್ರ್ಯಾಂಡನ್ ಅಯೂಕ್ ವಿಷಯ ಬೇಸಿಗೆಯಿಡೀ ಎಳೆದಾಡಿ ಅವನು ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಉಳಿದ. ಹೆಣ್ಣು ನೋಡಲು ಹೋದ ಮನೆಯಲ್ಲೆಲ್ಲ ಉಪ್ಪಿಟ್ಟು ತಿಂದು ಬರಿಗೈಯಲ್ಲಿ ಬರುವ ಗಂಡಿನ ಸ್ಥಿತಿ ನಮ್ಮದು.

ಮಗಳ ಹುಟ್ಟುಹಬ್ಬ ಮಾರ್ಚ್ ಕೊನೆಗೆ. ಮೇನ 10ನೇ ನಂಬರಿನ ಜೆರ್ಸಿ ಅವಳ ಹತ್ತಿರ ಆಗಲೇ ಇದೆ, ಈ ಸಲ ಒಬ್ಬ ರಿಸೀವರ್‌ನದು ಬೇಕಂತೆ. ಯಾರದ್ದು ಅಂದರೆ, "ನೀನೇ ಹೇಳು" ಅನ್ನುತ್ತಾಳೆ. ಅಂಗಡಿಗೆ ಎರಡು ಸಲ ಹೋಗಿ ಸುಮ್ನೆ ವಾಪಸ್ ಬಂದಿದ್ದೇನೆ.

ಇಂತಿ,
ಹಾಸನದ ಒಬ್ಬ ಓದುಗ, ಸದ್ಯ ಬಾಸ್ಟನ್ ಹತ್ತಿರ