ಹರಿಯುವುದು ಮಂಡಿಯ ಲಿಗಮೆಂಟ್, ತಪ್ಪುವುದು ಸೊಂಟದ ಹಿಡಿತ

ಮಾನ್ಯ ಸಂಪಾದಕರೇ,

ಯಾರಾದರೂ ಆಟಗಾರರ ಮಂಡಿ ಲಿಗಮೆಂಟ್ (ಮೂಳೆಗಳನ್ನು ಜೋಡಿಸುವ ಹುರಿ) ಹರಿದ ಸುದ್ದಿ ಬಂದಾಗಲೆಲ್ಲ ಆರೋಗ್ಯ ಪುಟಗಳಲ್ಲಿ ಅದೇ ಸಲಹೆಗಳು: ತೊಡೆ ಗಟ್ಟಿ ಮಾಡಿಕೊಳ್ಳಿ, ಒಳ್ಳೆಯ ಶೂ ಹಾಕಿ, ಮಂಡಿಗೆ ನೀ-ಕ್ಯಾಪ್ ತೊಡಿ. ತೊಡೆಗೆ ಬಲ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಮಂಡಿ ಹೊರುವ ಭಾರದ ಮಾತೇ ಅಲ್ಲಿ ಬರುವುದಿಲ್ಲ. ತಲೆ, ತೋಳು, ಮುಂಡ ಮೂರೂ ಸೇರಿದರೆ ದೇಹದ ತೂಕದ ಅರ್ಧಕ್ಕಿಂತ ಹೆಚ್ಚಾಗುತ್ತದೆ. ಅಷ್ಟೂ ತೂಕ ಒಂಟಿ ಕಾಲಿನ ಮೇಲೆ ಇಳಿಯುವಾಗ ಎತ್ತ ವಾಲುತ್ತದೆ ಎಂಬುದನ್ನು ನೋಡದೆ ಮಂಡಿಯ ಗಾಯ ಅರ್ಥವಾಗುವುದಿಲ್ಲ.

ಈ ಲಿಗಮೆಂಟುಗಳಲ್ಲೊಂದಾದ ಎಸಿಎಲ್ ಎಂದರೆ ಮಂಡಿಯೊಳಗೆ ತೊಡೆಮೂಳೆಯಿಂದ ಕೆಳಗಾಲಿನ ಮೂಳೆಗೆ ಓರೆಯಾಗಿ ಇಳಿದಿರುವ, ಮೂರು ಸೆಂಟಿಮೀಟರ್ ಚಿಲ್ಲರೆ ಉದ್ದದ ಹುರಿ. ಅದು ಹರಿದ ಪ್ರಕರಣಗಳಲ್ಲಿ ಸುಮಾರು 70 ಶೇಕಡಾ ಎದುರಾಳಿಯ ಪೆಟ್ಟಿಲ್ಲದೆಯೇ ಆದವು. ಓಡುತ್ತ ಗಕ್ಕನೆ ನಿಂತಾಗ, ದಿಕ್ಕು ಬದಲಿಸಿದಾಗ, ಹಾರಿ ಒಂದೇ ಕಾಲಲ್ಲಿ ಇಳಿದಾಗ. ಬಲಗಾಲಲ್ಲಿ ಇಳಿದ ಆಟಗಾರ್ತಿಯ ಮುಂಡವೂ ಬಲಕ್ಕೇ ವಾಲಿತು ಎನ್ನಿ. ನೆಲ ಪಾದವನ್ನು ಮರಳಿ ಒತ್ತುವ ಬಲದ ಗೆರೆ ದೇಹದ ಭಾರ ಇರುವತ್ತಲೇ ಸಾಗುತ್ತದೆ. ಈಗ ಅದು ಮಂಡಿಯ ಹೊರಬದಿಯಲ್ಲಿ ಹಾಯುತ್ತದೆ, ಮಂಡಿ ಒಳಕ್ಕೆ ಕುಸಿಯುತ್ತದೆ. ಇಳಿಯುವಾಗ ಮಂಡಿ ಹೆಚ್ಚು ಬಾಗಿರದಿದ್ದರೆ ತೊಡೆಯ ಮುಂಭಾಗದ ಸ್ನಾಯು ಕೆಳಗಾಲನ್ನು ಮುಂದಕ್ಕೆ ಎಳೆಯುತ್ತದೆ, ಅದನ್ನು ಹಿಂದಕ್ಕೆ ತಡೆಯಬೇಕಾದ ತೊಡೆಯ ಹಿಂಭಾಗದ ಸ್ನಾಯು ಹ್ಯಾಮ್‌ಸ್ಟ್ರಿಂಗ್‌ಗೆ ಆ ಕೋನದಲ್ಲಿ ಸರಿಯಾದ ಪಟ್ಟು ಸಿಗುವುದಿಲ್ಲ. ಹೀಗೆ ಎರಡೂ ಕಡೆಯ ಎಳೆತ ಹುರಿಯ ಮೇಲೆ ಬೀಳುತ್ತದೆ. ಗಾಯದ ದೃಶ್ಯಗಳನ್ನು ಅಳೆದು ನೋಡಿದವರ ಪ್ರಕಾರ ಇದೆಲ್ಲ ಪಾದ ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡಿನೊಳಗೆ ಮುಗಿದಿರುತ್ತದೆ. ರೆಪ್ಪೆ ಬಡಿಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಇಳಿದ ಮೇಲೆ ಸರಿಪಡಿಸಿಕೊಳ್ಳೋಣ ಎಂದರೆ ಆಗದು. ಪಾದ ತಾಗುವ ಮೊದಲೇ ಸೊಂಟ, ಪಕ್ಕೆ, ಪೃಷ್ಠದ ಸ್ನಾಯುಗಳು ಬಿಗಿಯಾಗಿರಬೇಕು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ 277 ಕ್ರೀಡಾಪಟುಗಳ ಮೇಲೆ ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಮುಂಡವನ್ನು ಒಂದು ಕಡೆಗೆ ಎಳೆದು ಹಿಡಿದು ಥಟ್ಟನೆ ಬಿಟ್ಟರೆ ಅದು ಎಷ್ಟು ಓಲಾಡುತ್ತದೆ ಎಂದು ಮೊದಲೇ ಅಳೆದಿಟ್ಟು, ಮೂರು ವರ್ಷ ಅವರ ಮೇಲೆ ಕಣ್ಣಿಟ್ಟರು. ಆ ಅವಧಿಯಲ್ಲಿ 25 ಮಂದಿಗೆ ಮಂಡಿಯ ಗಾಯವಾಯಿತು. ಹೆಚ್ಚು ಓಲಾಡಿದ ಹೆಣ್ಣುಮಕ್ಕಳಲ್ಲಿ ಲಿಗಮೆಂಟ್ ಗಾಯವೂ ಹೆಚ್ಚು. ಅದರಲ್ಲೂ ಪಕ್ಕಕ್ಕೆ ವಾಲುವುದೇ ದೊಡ್ಡ ಸುಳಿವು. ಗಂಡಸರಲ್ಲಿ ಸಿಕ್ಕ ಸುಳಿವು ಒಂದೇ, ಹಿಂದೆ ಸೊಂಟನೋವು ಬಂದಿದ್ದದ್ದು. ಒಂದು ಅಧ್ಯಯನದ ಮೇಲೆ ಇಡೀ ಮನೆ ಕಟ್ಟಲಾಗದು ನಿಜ. ಆದರೂ ಅಲ್ಲಿ ಅಳೆದದ್ದು ಹೊಟ್ಟೆಯ ಬಲವನ್ನಲ್ಲ, ಮುಂಡದ ಹಿಡಿತವನ್ನು ಎಂಬುದನ್ನು ತರಬೇತುದಾರರು ಗಮನಿಸಬೇಕು.

ಮುಂಡ, ಸೊಂಟವನ್ನು ಹಿಡಿದಿಡುವ ಸ್ನಾಯುಗಳ ಗುಂಪಿಗೆ ಕೋರ್ ಎನ್ನುತ್ತಾರೆ. ಜಿಮ್‌ಗಳಲ್ಲಿ ಕೋರ್ ಎಂದ ಕೂಡಲೇ ಸಿಟ್‌ಅಪ್ ಶುರುವಾಗುತ್ತದೆ. ಅದು ದುಡಿಸುವುದು ಹೆಚ್ಚಾಗಿ ಹೊಟ್ಟೆಯ ಮುಂಭಾಗದ ಪಟ್ಟಿಯನ್ನು. ಪಕ್ಕೆಯ ಓರೆ ಸ್ನಾಯು, ಬೆನ್ನುಮೂಳೆಗೆ ಅಂಟಿದ ಸಣ್ಣ ಸ್ನಾಯುಗಳು, ಸೊಂಟದ ಪಕ್ಕದಲ್ಲಿ ಗ್ಲೂಟಿಯಸ್ ಮೀಡಿಯಸ್ ಎಂಬ ಪೃಷ್ಠದ ಸ್ನಾಯು, ಇವು ಬಾಕಿ ಉಳಿಯುತ್ತವೆ. ಒಂಟಿ ಕಾಲಲ್ಲಿ ನಿಂತಾಗ ಸೊಂಟ ಇನ್ನೊಂದು ಬದಿಗೆ ಕುಸಿಯದಂತೆ ಹಿಡಿಯುವುದು ಈ ಮೀಡಿಯಸ್ಸೇ. ಮೊಣಕೈ, ಕಾಲ್ಬೆರಳುಗಳ ಮೇಲೆ ದೇಹವನ್ನು ನೇರವಾಗಿ ಹಿಡಿಯುವ ಐದು ನಿಮಿಷದ ಪ್ಲ್ಯಾಂಕ್ ಪಂದ್ಯಗಳೂ ಅಷ್ಟೆ, ಫೋಟೊಕ್ಕೆ ಚೆನ್ನ.

ಈ ಹಿಡಿತದ ಪರೀಕ್ಷೆಗೆ ಒಂದು ಮೊಬೈಲ್ ಸಾಕು. ಆಟಗಾರರು ಕೈಗಳನ್ನು ಸೊಂಟದ ಮೇಲಿಟ್ಟು, ಒಂದೇ ಕಾಲಲ್ಲಿ ನಿಂತು, ಮಂಡಿಯನ್ನು ಸುಮಾರು 60 ಡಿಗ್ರಿ ಬಾಗಿಸಿ ನಿಧಾನವಾಗಿ ಐದು ಸಲ ಕೂತೇಳಲಿ, ಎದುರಿನಿಂದ ಚಿತ್ರೀಕರಿಸಿ. ಮಂಡಿ ಹೆಬ್ಬೆರಳಿಗಿಂತ ಒಳಗೆ ಹೋಯಿತೇ, ಎತ್ತಿದ ಕಾಲಿನ ಕಡೆಯ ಸೊಂಟ ಇಳಿಯಿತೇ, ಭುಜ ನಿಂತ ಕಾಲಿನ ಕಡೆಗೆ ವಾಲಿತೇ, ನೋಡಿ. ಮೂರನೆಯದನ್ನು ಬಹಳ ಮಂದಿ ಗಮನಿಸುವುದಿಲ್ಲ, ಏಕೆಂದರೆ ಕಣ್ಣು ಮಂಡಿಯ ಮೇಲೇ ಇರುತ್ತದೆ. ಇದರಲ್ಲಿ ಪಾಸಾದವರಿಗೆ ಗಾಯವೇ ಆಗದು ಎಂದಲ್ಲ. ಆದ್ದರಿಂದ ಫೇಲಾದವರನ್ನು ಮಾತ್ರ ಆರಿಸದೆ ಇಡೀ ತಂಡಕ್ಕೆ ವ್ಯಾಯಾಮ ಮಾಡಿಸಬೇಕು.

ಮೊದಲಿಗೆ ಸೈಡ್ ಪ್ಲ್ಯಾಂಕ್, ಅಂದರೆ ಪಕ್ಕಕ್ಕೆ ಮಲಗಿ ಒಂದು ಮೊಣಕೈಯ ಮೇಲೆ ದೇಹವನ್ನು ಎತ್ತಿ ಹಿಡಿಯುವುದು. ಅದರಲ್ಲಿ ಮೊಣಕೈ ಭುಜದ ನೇರ ಕೆಳಗಿರಬೇಕು, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿರಬೇಕು. ಪ್ರತಿ ಬದಿಗೆ 20ರಿಂದ 30 ಸೆಕೆಂಡು, ಮೂರು ಸಲ. ಸಾಮಾನ್ಯವಾಗಿ ಕೆಡುವುದು ಹೀಗೆ: ಹತ್ತು ಸೆಕೆಂಡಾದ ಮೇಲೆ ಸೊಂಟ ಮೆಲ್ಲಗೆ ಹಿಂದಕ್ಕೆ ಜಾರುತ್ತದೆ, ಎದೆ ನೆಲದತ್ತ ತಿರುಗುತ್ತದೆ, ಉಸಿರು ಕಟ್ಟುತ್ತದೆ. ಗಡಿಯಾರ ಓಡುತ್ತಿರುತ್ತದೆ, ಪಕ್ಕೆಯ ಸ್ನಾಯು ಮಾತ್ರ ಕೆಲಸ ಬಿಟ್ಟಿರುತ್ತದೆ. ಗೆರೆ ತಪ್ಪಿದಲ್ಲಿಗೇ ನಿಲ್ಲಿಸಿ; ಆಗದವರು ಮಂಡಿ ಮಡಚಿ, ಮಂಡಿಯ ಮೇಲೆ ಭಾರ ಹಾಕಿ ಶುರುಮಾಡಲಿ.

ಅದಾದ ಮೇಲೆ ಇಳಿಯುವುದನ್ನು ಕಲಿಸಬೇಕು. ನೆಲದ ಮೇಲೆ ಹಿಡಿದ ಹಿಡಿತ ಗಾಳಿಯಿಂದ ಇಳಿಯುವಾಗ ತಾನಾಗಿ ಬರುವುದಿಲ್ಲ. ಒಂದು ಹೆಜ್ಜೆಯಷ್ಟು ಮುಂದಕ್ಕೆ ಹಾರಿ, ಒಂಟಿ ಕಾಲಲ್ಲಿ ಮಂಡಿ ಬಾಗಿಸಿ ಇಳಿದು, ಮೂರು ಸೆಕೆಂಡು ಅಲುಗದೆ ನಿಲ್ಲಲಿ. ಕಾಲಿಗೆ ಆರೆಂಟು ಸಲ, ಎರಡು ಸುತ್ತು. ಕಿವಿಗೊಡಿ: ದಡ್ ಎಂದು ಸದ್ದಾದರೆ ಮಂಡಿ ಬಾಗಿಲ್ಲ ಎಂದೇ ಅರ್ಥ. ಇದು ಸರಾಗವಾದ ಮೇಲೆ ಪಕ್ಕಕ್ಕೆ ಹಾರುವುದು, ಆಮೇಲೆ ಚೆಂಡು ಹಿಡಿಯುತ್ತ ಇಳಿಯುವುದು, ಕೊನೆಗೆ ಜೊತೆಗಾರ ಭುಜಕ್ಕೆ ಮೆಲ್ಲಗೆ ತಳ್ಳುವುದು.

ಸಿದ್ಧ ಕ್ರಮ ಬೇಕೆನ್ನುವವರಿಗೆ 2006ರಲ್ಲಿ ರೂಪುಗೊಂಡ ಫಿಫಾ 11+ ಎಂಬ, ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯ ವಾರ್ಮ್‌ಅಪ್ ಕ್ರಮ ಇದೆ: 15 ವ್ಯಾಯಾಮ, ಸುಮಾರು 20 ನಿಮಿಷ, ವಾರಕ್ಕೆ ಕನಿಷ್ಠ ಎರಡು ಸಲ. ನಾರ್ವೆಯಲ್ಲಿ 13ರಿಂದ 17 ವರ್ಷದ ಫುಟ್‌ಬಾಲ್ ಆಟಗಾರ್ತಿಯರ ಮೇಲೆ ಇದನ್ನು ಪ್ರಯೋಗಿಸಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು, ತೀವ್ರ ಗಾಯಗಳು ಹತ್ತಿರಹತ್ತಿರ ಅರ್ಧದಷ್ಟು ಇಳಿದವು. ಅದರಲ್ಲಿ ಓಟ, ಹಾರಾಟ, ಸಮತೋಲ, ಹ್ಯಾಮ್‌ಸ್ಟ್ರಿಂಗ್ ಎಲ್ಲ ಇರುವುದರಿಂದ ಯಶಸ್ಸನ್ನು ಪೂರ್ತಿ ಕೋರ್‌ನ ಲೆಕ್ಕಕ್ಕೆ ಬರೆಯುವುದು ತಪ್ಪು. ಫಲ ಕಂಡದ್ದು ಬಿಡದೆ ಮಾಡಿದ ತಂಡಗಳಲ್ಲೇ ಹೆಚ್ಚು.

ಶಸ್ತ್ರಚಿಕಿತ್ಸೆಯಾದವರಿಗೆ ಒಂದು ಮಾತು. ತೊಡೆಯ ಸುತ್ತಳತೆ ಸಮವಾಯಿತೆಂದು ಮೈದಾನಕ್ಕೆ ಇಳಿಯಬೇಡಿ. ಒಂಬತ್ತು ತಿಂಗಳಿಗೆ ಮೊದಲು ಮರಳಿದವರಲ್ಲಿ ಮಂಡಿಗೆ ಮತ್ತೆ ಗಾಯವಾಗುವುದು ಹೆಚ್ಚು. ಸ್ಕ್ವಾಟ್ (ಕೂತೇಳುವ ವ್ಯಾಯಾಮ) ಮಾಡುವಾಗ ಭಾರ ಗೊತ್ತಾಗದಂತೆ ಒಳ್ಳೆಯ ಕಾಲಿಗೆ ಸರಿಯುವುದು ತಿಂಗಳುಗಟ್ಟಲೆ ಉಳಿಯುವ ಅಭ್ಯಾಸ. ಕನ್ನಡಿಯ ಮುಂದೆ ನಿಂತು ಸೊಂಟದ ಪಟ್ಟಿ ನೆಲಕ್ಕೆ ಸಮವಾಗಿದೆಯೇ ನೋಡಿಕೊಳ್ಳಿ. ಇನ್ನು ಆಡುವಾಗ ಮಂಡಿಯೊಳಗೆ ‘ಟಪ್’ ಎಂದು, ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಮೇಲೆ ಹೇಳಿದ ಯಾವ ವ್ಯಾಯಾಮವನ್ನೂ ಮಾಡಬೇಡಿ. ಅಲ್ಲಿ ಮೊದಲು ಬೇಕಾದದ್ದು ಮೂಳೆ ವೈದ್ಯರ ಪರೀಕ್ಷೆ.

– ಇಬ್ಬರು ಕ್ರೀಡಾ ಫಿಸಿಯೊಥೆರಪಿಸ್ಟರು