ನಮ್ಮ ತೊಟ್ಟಿಯ ಮೀನುಗಳನ್ನು ಉಳಿಸಿದ ನಿಮಗೆಲ್ಲ ಧನ್ಯವಾದ

ನಮ್ಮ ಮನೆಯ ಅಕ್ವಾಪೋನಿಕ್ಸ್ ತೊಟ್ಟಿಯಲ್ಲಿ ಮೀನು ಸಾಯುವುದು ನಿಂತು ಒಂದು ಪೂರ್ತಿ ಬೆಳೆ ಕೈಗೆ ಬಂದಿದೆ. ಉಳಿದ ತಿಲಾಪಿಯಾಗಳು ಮೈ ತುಂಬಿಕೊಂಡಿವೆ. ಕೈ ನೀರಿನ ಹತ್ತಿರ ಹೋದರೆ ಸಾಕು, ಎಲ್ಲವೂ ಮೇಲೆದ್ದು ಬರುತ್ತವೆ. ಕಷ್ಟದಲ್ಲಿ ಜೊತೆಗೆ ನಿಂತವರಿಗೆಲ್ಲ ಬಾಯಿಮಾತಿನಲ್ಲಿ ಹೇಳಿದ್ದೇನೆ, ನಿಜ. ಆದರೂ ಎಲ್ಲರ ಮುಂದೆ ಬರೆದು ಹೇಳಬೇಕು ಅನ್ನುವ ಆಸೆ ಹೋಗಲಿಲ್ಲ. ಯಾಕೆಂದರೆ ಅವತ್ತು ಸುತ್ತಮುತ್ತಲಿನವರು ಒಂದೊಂದು ಔಷಧಿಯ ಹೆಸರು ಹೇಳುತ್ತಿದ್ದಾಗ ನೀವು ಕೆಲವರು ಪ್ರಶ್ನೆ ಕೇಳಿದಿರಿ. ನಮ್ಮ ಮೀನುಗಳು ಉಳಿದದ್ದು ಆ ಪ್ರಶ್ನೆಗಳಿಂದ.

ಈ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. ಕೆಳಗೆ ಸಾವಿರ ಲೀಟರಿನ ಮೀನಿನ ತೊಟ್ಟಿ, ಮೇಲೆ ಜಲ್ಲಿ ತುಂಬಿದ ಗಿಡದ ಮಡಿ. ಪಂಪು ನೀರನ್ನು ಮೇಲಕ್ಕೆ ತಳ್ಳುತ್ತದೆ. ಮಡಿ ತುಂಬಿದಾಗ ಬೆಲ್ ಸೈಫನ್ ಒಂದೇ ಸಲಕ್ಕೆ ನೀರನ್ನೆಲ್ಲ ಕೆಳಗಿಳಿಸುತ್ತದೆ. ಮೀನಿನಿಂದ ಬರುವ ಅಮೋನಿಯಾವನ್ನು ಜಲ್ಲಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಗಿಡಕ್ಕೆ ಊಟ. ಮೊದಲ ಎರಡೂ ಮೀನಿಗೆ ವಿಷ.

ಒಂದು ವರ್ಷಕ್ಕೂ ಮೇಲೆ ಚೆನ್ನಾಗಿ ನಡೆದ ತೊಟ್ಟಿ ಅದು. ಇದ್ದಕ್ಕಿದ್ದಂತೆ ಬೆಳಗಾದರೆ ಒಂದೋ ಎರಡೋ ಮೀನು ಸತ್ತು ತೇಲತೊಡಗಿದವು. ಮೈಮೇಲೆ ಗಾಯವಿಲ್ಲ, ಬಿಳಿ ಚುಕ್ಕೆಯಿಲ್ಲ, ಹತ್ತಿಯಂಥ ಬೂಷ್ಟಿಲ್ಲ. ನೀರು ತಿಳಿಯಾಗಿತ್ತು. ಅಮೋನಿಯಾ ಸೊನ್ನೆಯ ಹತ್ತಿರ, ಉಷ್ಣಾಂಶ 28 ಡಿಗ್ರಿ. ಕೈಯಾರೆ ಸಾಕಿದ ಮೀನು ಹೀಗೆ ಕಾರಣವೇ ಗೊತ್ತಾಗದೆ ಹೋಗುವುದನ್ನು ನೋಡುವ ಸಂಕಟ ಸಾಕಿದವರಿಗೇ ಗೊತ್ತು.

ಮೊದಲ ಧನ್ಯವಾದ ಮೀನಿನ ಡಾಕ್ಟರಮ್ಮನಿಗೆ. ಮೇಡಂ, ನೀವು ಫೋನಿನಲ್ಲಿ ಕೇಳಿದ ಮೊದಲ ಮಾತು ನನಗಿನ್ನೂ ನೆನಪಿದೆ. "ದೊಡ್ಡವು ಮೊದಲು ಸಾಯ್ತಿವೆಯಾ, ಚಿಕ್ಕವಾ? ಯಾವ ಹೊತ್ತಲ್ಲಿ ಸಾಯ್ತಿವೆ?" ದೊಡ್ಡವೇ, ಅದೂ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅಂದೆ. ಹಾಗಿದ್ದರೆ ಕಾಯಿಲೆಗಿಂತ ಮೊದಲು ಉಸಿರಾಟ ನೋಡೋಣ, ಆಮ್ಲಜನಕ ಕಡಿಮೆಯಾದಾಗ ಸಾಮಾನ್ಯವಾಗಿ ದೊಡ್ಡ ಮೀನುಗಳೇ ಮೊದಲು ಸೋಲುತ್ತವೆ ಅಂದಿರಿ. ಅಷ್ಟರಲ್ಲಿ ಯಾರೋ ಆ್ಯಂಟಿಬಯೋಟಿಕ್ ತಂದುಕೊಟ್ಟಿದ್ದರು. ಅದನ್ನು ನೀರಿಗೆ ಹಾಕಬೇಡಿ ಅಂತ ಖಡಾಖಂಡಿತವಾಗಿ ಹೇಳಿದಿರಿ. ಅದು ಜಲ್ಲಿಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಕೊಡುತ್ತದೆ, ಆಮೇಲೆ ಅಮೋನಿಯಾ ಏರಿ ಉಳಿದವೂ ಹೋಗುತ್ತವೆ, ಜೊತೆಗೆ ನೀವು ತಿನ್ನುವ ಸೊಪ್ಪಿಗೂ ಔಷಧಿ ಸೇರುತ್ತದೆ ಅಂತ ಬಿಡಿಸಿ ಹೇಳಿದಿರಿ. ಆ ಒಂದು ಮಾತಿಗೆ ನಾನು ಎಷ್ಟು ಋಣಿ ಅಂತ ಹೇಳಲು ಬರುವುದಿಲ್ಲ.

ಎರಡನೆಯವರು, ಮೀನು ಸಾಕಣೆಯಲ್ಲೇ ತಲೆ ಹಣ್ಣಾದ ನಮ್ಮ ಹಿರಿಯರು. ಅವರು ಬಂದವರೇ ತೊಟ್ಟಿಯನ್ನು ನೋಡಲಿಲ್ಲ. ಆಗಷ್ಟೇ ಸತ್ತ ಮೀನನ್ನು ಕೇಳಿದರು. ಅಂಗೈ ಮೇಲೆ ಇಟ್ಟುಕೊಂಡು, ಹೆಬ್ಬೆರಳಿನ ಉಗುರಿನಿಂದ ಕಿವಿರಿನ ಮುಚ್ಚಳವನ್ನು ಮೆಲ್ಲಗೆ ಎತ್ತಿದರು. ಒಳಗೆ ಕೆಂಪಗಿರಬೇಕಾದ ಕಿವಿರು ಕಂದು ಬಣ್ಣಕ್ಕೆ ತಿರುಗಿತ್ತು. "ನೋಡಪ್ಪಾ, ರಕ್ತದ ಬಣ್ಣವೇ ಕೆಟ್ಟಿದೆ. ನೈಟ್ರೈಟ್ ಅಳೆಸು," ಅಂದರು. ನೈಟ್ರೈಟ್ ರಕ್ತಕ್ಕೆ ಸೇರಿದರೆ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾಗದ ರೂಪಕ್ಕೆ ತಿರುಗುತ್ತದೆ. ನೀರಿನಲ್ಲಿ ಆಮ್ಲಜನಕ ಇದ್ದರೂ ಮೀನಿಗೆ ಅದು ದಕ್ಕುವುದಿಲ್ಲ. ಇದಕ್ಕೆ ಕಂದು ರಕ್ತದ ಕಾಯಿಲೆ ಅನ್ನುತ್ತಾರೆ. ಸತ್ತ ಮೇಲೆ ಹೊತ್ತು ಕಳೆದರೆ ಯಾವ ಕಿವಿರಾದರೂ ಬಣ್ಣಗೆಡುತ್ತದೆ, ಅದಕ್ಕೇ ತಾಜಾ ಮೀನನ್ನೇ ನೋಡಬೇಕು ಅಂತಲೂ ಕಲಿಸಿದರು. ಹಿರಿಯರೇ, ನಿಮಗೆ ಕೈಮುಗಿದು ನಮಸ್ಕಾರ.

ನನ್ನ ಹತ್ತಿರ ಅಮೋನಿಯಾ ಮತ್ತು ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ನೋಡುವ ಕಿಟ್ ಮಾತ್ರ ಇದ್ದವು. ನೈಟ್ರೈಟ್ ಕಿಟ್ ಕೊಟ್ಟದ್ದು ಅಕ್ಕ. ಮಳೆಯಲ್ಲೇ ಬಂದು ಕೊಟ್ಟು, ನಿಂತು ಅಳೆಸಿಯೇ ಹೋದರು. ಕಿಟ್ಟಿನ ಪುಟ್ಟ ಗಾಜಿನ ಕೊಳವೆಯಲ್ಲಿದ್ದ ತೊಟ್ಟಿಯ ನೀರು ನೋಡನೋಡುತ್ತಲೇ ಕಡು ನೇರಳೆಯಾಯಿತು. ಲೀಟರಿಗೆ 5 ಮಿಲಿಗ್ರಾಂ. ಅಮೋನಿಯಾ ಸೊನ್ನೆ ಇದ್ದರೂ ಮೀನು ಯಾಕೆ ಸಾಯುತ್ತಿತ್ತು ಅಂತ ಆಗ ತಿಳಿಯಿತು. ಮೊದಲ ಬ್ಯಾಕ್ಟೀರಿಯಾ ತನ್ನ ಕೆಲಸ ಮಾಡುತ್ತಿತ್ತು, ಎರಡನೆಯದು ಸುಸ್ತಾಗಿತ್ತು.

ಅಕ್ಕ ಅಲ್ಲೇ ಕೂತು ಉಪ್ಪಿನ ಲೆಕ್ಕ ಹಾಕಿದರು. ಕಿವಿರಿನಲ್ಲಿ ಕ್ಲೋರೈಡ್ ಒಳಹೋಗುವ ದಾರಿಯಲ್ಲೇ ನೈಟ್ರೈಟ್ ಕೂಡ ನುಗ್ಗುತ್ತದಂತೆ. ಕ್ಲೋರೈಡ್ ಜಾಸ್ತಿ ಇದ್ದರೆ ನೈಟ್ರೈಟಿಗೆ ಜಾಗ ಸಿಗುವುದಿಲ್ಲ. ನೈಟ್ರೈಟಿನ ಹತ್ತು ಪಟ್ಟು ಕ್ಲೋರೈಡ್ ಇಟ್ಟುಕೊಂಡರೆ ಕ್ಷೇಮ. ಅಂದರೆ ಲೀಟರಿಗೆ 50 ಮಿಲಿಗ್ರಾಂ. ಉಪ್ಪಿನ ತೂಕದಲ್ಲಿ ನೂರಕ್ಕೆ ಸುಮಾರು 60 ಭಾಗ ಕ್ಲೋರೈಡ್, ಹಾಗಾಗಿ ಸಾವಿರ ಲೀಟರಿಗೆ 100 ಗ್ರಾಂ ಸಾಕು. ಅಯೋಡಿನ್ ಸೇರದ ಬರೀ ಉಪ್ಪನ್ನು ಬಕೆಟ್ಟಿನಲ್ಲಿ ಕರಗಿಸಿ ನಿಧಾನವಾಗಿ ಸುರಿದೆವು. ಅಷ್ಟು ಉಪ್ಪಿಗೆ ಗಿಡಗಳಿಗೆ ಏನೂ ಆಗಲಿಲ್ಲ. ಮೇವು ಪೂರ್ತಿ ನಿಲ್ಲಿಸಿದೆವು. ಕ್ಲೋರಿನ್ ಹೋಗಲಾಡಿಸಿದ ನೀರಿನಿಂದ ಮೂರರಲ್ಲಿ ಒಂದು ಪಾಲು ಬದಲಿಸಿದೆವು. ಉಪ್ಪು ನೈಟ್ರೈಟನ್ನು ತೆಗೆಯುವುದಿಲ್ಲ, ಮೀನಿಗೆ ಸ್ವಲ್ಪ ಕಾಲಾವಕಾಶ ಕೊಡುತ್ತದೆ ಅಷ್ಟೇ. ಮೂಲ ಕಾರಣ ಹುಡುಕುವ ಕೆಲಸ ಇನ್ನೂ ಬಾಕಿಯಿತ್ತು.

ಆ ಕೆಲಸಕ್ಕೆ ಬೇಕಾದ ಸುಳಿವು ಕೊಟ್ಟದ್ದು ಮೀನುಗಾರಿಕೆ ಓದುತ್ತಿರುವ ತಮ್ಮ. ಅವನು ಕೇಳಿದ್ದು ಒಂದೇ: "ನೀರು ಅಳೆದದ್ದು ಎಷ್ಟು ಹೊತ್ತಿಗೆ?" ಹಗಲಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೂ ಉಸಿರಾಡುತ್ತದೆ. ಅದಕ್ಕೇ ಸೂರ್ಯ ಹುಟ್ಟುವ ಮುಂಚೆ ಆಮ್ಲಜನಕ ತೀರಾ ಕೆಳಗಿರುತ್ತದೆ. ತನ್ನ ಮೀಟರ್ ತಂದುಕೊಟ್ಟ. ನನ್ನ ತಂಗಿ ಬೆಳಕು ಹರಿಯುವ ಮೊದಲೇ ಎದ್ದು, ಟಾರ್ಚ್ ಹಿಡಿದು, ಅಳೆದು ಅಳೆದು ನೋಟುಪುಸ್ತಕದಲ್ಲಿ ಬರೆದಳು. 28 ಡಿಗ್ರಿಯಲ್ಲಿ ನೀರು ಹಿಡಿಯಬಲ್ಲ ಆಮ್ಲಜನಕವೇ ಲೀಟರಿಗೆ 8 ಮಿಲಿಗ್ರಾಂಗಿಂತ ಸ್ವಲ್ಪ ಕಡಿಮೆ. 5 ಇದ್ದರೆ ನೆಮ್ಮದಿ. ನಮ್ಮ ತೊಟ್ಟಿಯಲ್ಲಿ ಬೆಳಗಿನ ಜಾವ 3 ಕೂಡ ಇರಲಿಲ್ಲ. ತಿಲಾಪಿಯಾ ಗಟ್ಟಿ ಜೀವ, ಬರೀ ಅಷ್ಟಕ್ಕೆ ಸಾಯುವಂಥದ್ದಲ್ಲ. ಆದರೆ ರಕ್ತವೂ ಕೆಟ್ಟಿತ್ತು, ನೀರಿನಲ್ಲೂ ಉಸಿರಿರಲಿಲ್ಲ. ಎರಡೂ ಸೇರಿ ಕೊಲ್ಲುತ್ತಿದ್ದವು. ಅವತ್ತೇ ಇನ್ನೊಂದು ಏರ್ ಪಂಪು ಹಾಕಿದೆವು, ತೊಟ್ಟಿಗೆ ಬಿಸಿಲು ಬೀಳದ ಹಾಗೆ ಮುಚ್ಚಿದೆವು.

ಪಾಚಿ ಇಷ್ಟು ಆಮ್ಲಜನಕ ತಿನ್ನುವಷ್ಟೇನೂ ಇರಲಿಲ್ಲವಲ್ಲ ಅನ್ನುವ ಅನುಮಾನ ತಮ್ಮನಿಗೆ. ಮಡಿಯ ಜಲ್ಲಿ ಬಗೆದು ನೋಡೋಣ ಅಂದ. ಮೊಣಕೈವರೆಗೆ ಕೈ ಹಾಕಿದ. ಮೇಲಿನ ಜಲ್ಲಿ ಚೆನ್ನಾಗಿತ್ತು. ತಳದಲ್ಲಿ ಕೈಗೆ ಸಿಕ್ಕಿದ್ದು ಕಪ್ಪು ರಾಡಿ, ಕೊಳೆತ ಮೊಟ್ಟೆಯ ವಾಸನೆ. ಸೈಫನ್ನಿನ ಹೊರಕೊಳವೆ ಬಿಚ್ಚಿದರೆ ಒಳಗೆ ಟೊಮೇಟೊ ಬೇರು ಜಡೆಗಟ್ಟಿ ಕೂತಿತ್ತು. ಎಳೆದಷ್ಟೂ ಬರುತ್ತಿತ್ತು. ನೀರು ಮೇಲಿನಿಂದ ಮಾಮೂಲಿನಂತೆ ಹರಿಯುತ್ತಿತ್ತು, ಆದರೆ ಮಡಿ ಒಮ್ಮೆಯೂ ಪೂರ್ತಿ ಬರಿದಾಗುತ್ತಿರಲಿಲ್ಲ. ಬರಿದಾದರೆ ತಾನೇ ಜಲ್ಲಿಗೆ ಗಾಳಿ ಸಿಗುವುದು? ಗಾಳಿಯಿಲ್ಲದೆ ತಳ ಕೊಳೆಯಿತು. ಆ ಕೊಳಕು ತೊಟ್ಟಿಯ ಆಮ್ಲಜನಕವನ್ನೂ ಹೀರಿತು. ನೈಟ್ರೈಟ್ ತಿನ್ನುವ ಬ್ಯಾಕ್ಟೀರಿಯಾ ಆಮ್ಲಜನಕದ ಕೊರತೆಯನ್ನು ಇನ್ನೊಂದರಷ್ಟು ತಡೆಯುವುದಿಲ್ಲ. ಎಲ್ಲವೂ ಒಂದೇ ದಾರಕ್ಕೆ ಬಂದು ಸೇರಿತು. ತಮ್ಮಾ, ನೀನು ರಾಡಿಯಲ್ಲಿ ಕೈಯಿಟ್ಟುಕೊಂಡೇ "ಸಿಕ್ತು!" ಅಂತ ಕೂಗಿದ್ದು ಇಡೀ ಮನೆಗೆ ಕೇಳಿಸಿತ್ತು.

ಜಲ್ಲಿ ತೊಳೆಯಲು ನೆರವಾದ ಗೆಳೆಯರಿಗೂ ವಂದನೆ. ನಲ್ಲಿ ನೀರು ತಾಗಿಸಿದರೆ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಅಂತ, ಬಕೆಟ್ ಬಕೆಟ್ ತೊಟ್ಟಿಯ ನೀರನ್ನೇ ಹೊತ್ತು ಅರ್ಧ ಮಡಿ ತೊಳೆದಿರಿ. ಉಳಿದರ್ಧಕ್ಕೆ ಕೆಲವು ವಾರ ಬಿಟ್ಟು ಮತ್ತೆ ಬಂದಿರಿ. ಮಡಿಗೆ ಹೋಗುವ ಮೊದಲೇ ಕಸ ಕೂರಲಿ ಅಂತ ಡ್ರಮ್ಮು ಜೋಡಿಸಿಕೊಟ್ಟದ್ದೂ ನೀವೇ. ಸೈಫನ್ನಿನ ಸುತ್ತ ತೂತಿನ ಕೊಳವೆ ಬಂದಿದೆ, ಬೇರು ಈಗ ಒಳಗೆ ಇಳಿಯುವುದಿಲ್ಲ.

ಇನ್ನೊಬ್ಬರನ್ನು ಮರೆಯುವಂತಿಲ್ಲ. ಮಡಿ ತೊಳೆದ ಮೇಲೆ ಪಿಎಚ್ 6.2ಕ್ಕೆ ಇಳಿದಿತ್ತು. ಬ್ಯಾಕ್ಟೀರಿಯಾ ಕೆಲಸ ಮಾಡಿದಂತೆಲ್ಲ ನೀರಿನ ಕ್ಷಾರ ಖರ್ಚಾಗುತ್ತದೆ, ಪಿಎಚ್ ಇಳಿಯುವುದು ಸಹಜ. 6ಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯಾವೇ ಮಂಕಾಗುತ್ತದೆ. ಒಂದೇ ಸಲ ಸುಣ್ಣ ಹಾಕಿ ಸರಿಮಾಡೋಣ ಅಂತ ಮಾತಾಗುತ್ತಿತ್ತು. ರಸಾಯನಶಾಸ್ತ್ರ ಕಲಿಸುವ ಮೇಷ್ಟ್ರು ತಡೆದರು. ತೊಳೆದಾಗ ಕದಡಿದ ಕಸದಿಂದ ಅಮೋನಿಯಾ ಸ್ವಲ್ಪ ಏರಿದೆ, ಈಗ ಪಿಎಚ್ ಏರಿಸಿದರೆ ಅದೇ ಅಮೋನಿಯಾ ವಿಷವಾಗುತ್ತದೆ ಅಂದರು. ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ನೂರರಲ್ಲಿ ಒಂದು ಪಾಲೂ ವಿಷದ ರೂಪದಲ್ಲಿ ಇರುವುದಿಲ್ಲ. 8ಕ್ಕೆ ಏರಿದರೆ ಅದು ಹತ್ತಿರ ಹತ್ತಿರ ಹತ್ತು ಪಟ್ಟಾಗುತ್ತದೆ. ಅಮೋನಿಯಾ ಇಳಿಯುವವರೆಗೆ ಕಾಯ್ದು, ಪೊಟ್ಯಾಸಿಯಂ ಬೈಕಾರ್ಬೊನೇಟನ್ನು ದಿನಕ್ಕಿಷ್ಟೇ ಅಂತ ಹಾಕಿ 6.8ಕ್ಕೆ ತಂದೆವು. ಮೇಷ್ಟ್ರೇ, ಅವತ್ತು ನೀವು ಇಲ್ಲದಿದ್ದರೆ ಗೆದ್ದ ಮೇಲೆ ಸೋಲುತ್ತಿದ್ದೆವು.

ಈಗ ನೈಟ್ರೈಟ್ ಸೊನ್ನೆ, ಬೆಳಗಿನ ಜಾವದ ಆಮ್ಲಜನಕ 5ಕ್ಕಿಂತ ಮೇಲೆ. ತಂಗಿಯ ನೋಟುಪುಸ್ತಕ ಮುಂದುವರಿದಿದೆ. ಹೊಸ ಮರಿಗಳು ಬಂದಿವೆ, ಸದ್ಯಕ್ಕೆ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಿಕೊಳ್ಳುತ್ತಿದ್ದೇವೆ. ಅಕ್ಕನಿಗೆ ಕಿಟ್ ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ, "ಮುಂದೆ ಯಾರಿಗೆ ಬೇಕೋ ಅವರಿಗೆ ಕೊಡು" ಅಂದರು. ಬಾಟಲಿಯಲ್ಲಿ ಇನ್ನೂ ದ್ರಾವಣ ಉಳಿದಿದೆ. ನಿಮ್ಮ ತೊಟ್ಟಿಯಲ್ಲಿ ಮೀನು ಸಾಯುತ್ತಿದ್ದರೆ ಸಂಕೋಚ ಬೇಡ, ಕೇಳಿ. ನಾನೇ ತಂದುಕೊಡುತ್ತೇನೆ, ಬೇಕಾದರೆ ಜಲ್ಲಿಗೆ ಕೈಯನ್ನೂ ಹಾಕುತ್ತೇನೆ.