ಮಗಳಿಗೊಂದು ಪತ್ರ: ಚೆನ್ನಮ್ಮ ಒಬ್ಬಳಲ್ಲ, ಇಬ್ಬರು

ಪ್ರೀತಿಯ ಪುಟ್ಟಿ,

ಔರಂಗಜೇಬನ ಸೈನ್ಯಕ್ಕೆ ಎದುರು ನಿಂತ ರಾಣಿ ಯಾರು ಅಂತ ಕ್ವಿಜ್‌ನಲ್ಲಿ ಕೇಳಿದ್ರೆ ನಿಮ್ಮ ಟೀಮ್‌ನೋರು ಕಿತ್ತೂರು ಚೆನ್ನಮ್ಮ ಅಂದ್ರು ಅಂದ್ಯಲ್ಲ, ಆಗಿಂದ ನಂಗೆ ಸಮಾಧಾನಾನೇ ಇಲ್ಲ ಕಣೇ. ಸಾಗರದ ಹುಡುಗಿ ನೀನು, ಕೆಳದಿ ಇಲ್ಲೇ ಪಕ್ಕದಲ್ಲಿದೆ, ನಿಂಗೂ ಹೊಳೀಲಿಲ್ವಾ?

ಕೆಳದಿ ಚೆನ್ನಮ್ಮ ಅರಮನೇಲಿ ಹುಟ್ಟಿದವಳಲ್ಲ, ವ್ಯಾಪಾರಿ ಮನೆ ಹುಡುಗಿ. ಗಂಡ ಸೋಮಶೇಖರ ನಾಯಕ ಕೊಲೆಯಾದ ಮೇಲೆ ಕೆಳದಿ ರಾಜ್ಯದ ಆಡಳಿತನ ರಾಜಧಾನಿ ಬಿದನೂರಿಂದ ಕೈಗೆ ತಗೊಂಡು ಸುಮಾರು 25 ವರ್ಷ ನಡೆಸಿದ್ಲು. 1689ರಲ್ಲಿ ಮರಾಠ ರಾಜ ಸಂಭಾಜಿನ ಔರಂಗಜೇಬ ಕೊಲ್ಲಿಸಿದ, ಸಂಭಾಜಿಯ ತಮ್ಮ ರಾಜಾರಾಮ ವೇಷ ಮರೆಸ್ಕೊಂಡು ತಮಿಳುನಾಡಿನ ಜಿಂಜಿ ಕೋಟೆ ಕಡೆ ಓಡ್ತಾ ಇದ್ದ, ವಯಸ್ಸು ಬರೀ 19, ನಿನ್ನ ವಯಸ್ಸೇ. ಅವನಿಗೆ ಜಾಗ ಕೊಟ್ರೆ ಮೊಗಲರು ಮೈಮೇಲೆ ಬರ್ತಾರೆ ಅಂತ ಗೊತ್ತಿದ್ದೂ ಆಶ್ರಯ ಕೊಟ್ಟು ಮುಂದೆ ಕಳಿಸಿದ್ಲು. ಸೈನ್ಯ ಬಂದೇ ಬಂತು, ಆದ್ರೆ ಈ ಮಲೆನಾಡಿನ ಕಾಡಲ್ಲಿ ಅವರ ಆಟ ನಡೀಲಿಲ್ಲ, ಕೊನೆಗೆ ಒಪ್ಪಂದ ಆಯ್ತು, ರಾಜ್ಯ ಉಳೀತು. ದತ್ತು ತಗೊಂಡ ಮಗ ಬಸಪ್ಪ ನಾಯಕ ಆಮೇಲೆ ಪಟ್ಟಕ್ಕೂ ಬಂದ, 'ಶಿವತತ್ತ್ವರತ್ನಾಕರ' ಅನ್ನೋ ಸಂಸ್ಕೃತ ವಿಶ್ವಕೋಶನೂ ಬರೆದ. ಇಷ್ಟು ದೊಡ್ಡ ರಾಣಿನ ನಾವೇ ಮರೆತ್ರೆ ಹೇಗೆ ಹೇಳು.

ಕಿತ್ತೂರು ಚೆನ್ನಮ್ಮನ ಕಾಲ ಇದಾಗಿ 135 ವರ್ಷದ ಮೇಲಿಂದು. ಅಲ್ಲೂ ಗಂಡ ಇಲ್ಲ, ಮಗ ಇಲ್ಲ, ದತ್ತು ತಗೊಂಡಿದ್ದು ಒಬ್ಬ ಹುಡುಗನ್ನ, ಆದ್ರೆ ಇಲ್ಲಿ ಎದುರಿಗಿದ್ದೋರು ಈಸ್ಟ್ ಇಂಡಿಯಾ ಕಂಪನಿಯವರು, ದತ್ತು ಒಪ್ಪಲ್ಲ ಅಂದ್ರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಖಜಾನೆಗೆ ಸೀಲ್ ಹಾಕಿಸಿ, ಸೈನ್ಯ ತಂದು ಕೋಟೆ ಮುಂದೆ ನಿಂತ. 1824ರ ಅಕ್ಟೋಬರ್ 23, ಮುಚ್ಚಿದ್ದ ಬಾಗಿಲು ಇದ್ದಕ್ಕಿದ್ದಂಗೆ ತೆಗೀತು, ಒಳಗಿಂದ ಕಿತ್ತೂರಿನೋರು ನುಗ್ಗಿ ಬಂದ್ರು, ಥ್ಯಾಕರೆ ಅಲ್ಲೇ ಸತ್ತ. ಎಲಿಯಟ್, ಸ್ಟೀವನ್‌ಸನ್ ಅಂತ ಇಬ್ರು ಅಧಿಕಾರಿಗಳು ಸೆರೆ ಸಿಕ್ರು, ಅವರಿಗೆ ಏನೂ ತೊಂದ್ರೆ ಮಾಡದೆ ಬಿಟ್ಟು ಕಳಿಸಿದ್ಲು ರಾಣಿ. ಆ ವಾಲ್ಟರ್ ಎಲಿಯಟ್ ಇದ್ದಾನಲ್ಲ, ಮುಂದೆ ನಮ್ಮ ಕಡೆಯ ನೂರಾರು ಶಾಸನಗಳ ಪ್ರತಿ ಮಾಡಿಸಿ ಕೂಡಿಟ್ಟ, ಚಾಲುಕ್ಯರ ಚರಿತ್ರೆ ಬರೆಯೋಕೆ ಅದು ಎಷ್ಟು ಉಪಯೋಗ ಆಯ್ತು ಗೊತ್ತಾ! ಆವತ್ತು ಅವನ ಜೀವ ಉಳಿಸಿದ್ದಕ್ಕೆ ನಾವು ಚೆನ್ನಮ್ಮಂಗೇ ಥ್ಯಾಂಕ್ಸ್ ಹೇಳ್ಬೇಕು ಅಂತ ನಂಗನ್ಸುತ್ತೆ.

ಕಂಪನಿಯವರು ಸುಮ್ನಿರಲಿಲ್ಲ, ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ತಂದು ಕಿತ್ತೂರು ಹಿಡಿದ್ರು. ರಾಣಿನ ಬೈಲಹೊಂಗಲದ ಕೋಟೇಲಿ ಸೆರೆ ಇಟ್ರು, 1829ರಲ್ಲಿ ಅಲ್ಲೇ ತೀರ್ಕೊಂಡ್ಲು. ಅವಳ ಪರವಾಗಿ ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನ್ನ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ರು.

ಕಿತ್ತೂರಿನ ಚೆನ್ನಮ್ಮನ ಹೆಸರಲ್ಲಿ ರೈಲಿದೆ, ಯೂನಿವರ್ಸಿಟಿ ಇದೆ, ಪಾರ್ಲಿಮೆಂಟಲ್ಲಿ ಪ್ರತಿಮೆ ಇದೆ, ಎಲ್ಲಾ ಸರೀನೇ, ಇರ್ಲೇಬೇಕು. ಆದ್ರೆ ಗೆದ್ದು ರಾಜ್ಯ ಉಳಿಸ್ಕೊಂಡ ಇನ್ನೊಬ್ಬ ಚೆನ್ನಮ್ಮನ ಹೆಸರು ಹೇಳಿದ್ರೆ ಕ್ಲಾಸಲ್ಲಿ ನಾಲ್ಕು ಜನಕ್ಕಾದ್ರೂ ಗೊತ್ತಿರ್ಬೇಕು ಅನ್ನೋದು ನನ್ನ ಆಸೆ. ದಸರಾ ರಜಕ್ಕೆ ಬರ್ತೀಯಲ್ಲ, ಮೊದ್ಲು ನಗರ ಅನ್ನೋ ಊರಿನ ಕೋಟೆಗೆ ಹೋಗಿ ಬರೋಣ, ಅದೇ ಆಗಿನ ಬಿದನೂರು, ಆಮೇಲೆ ಎರಡು ದಿನ ಬಿಟ್ಟು ಕಿತ್ತೂರು, ಬೈಲಹೊಂಗಲ. ಅಪ್ಪಂಗೂ ಹೇಳಿದೀನಿ, ಫ್ರೆಂಡ್ಸ್ ಬರ್ತಾರಾದ್ರೆ ಅವರನ್ನೂ ಕರ್ಕೊಂಡು ಬಾ.

ಇಂತಿ ನಿನ್ನ
ಅಮ್ಮ